ತಕ್ಕಡಿಯ ಮಾತು ಕೇಳಿಸಿಕೊಳ್ಳಿ



ನಿಮ್ಮಲ್ಲಿ ಹೆಚ್ಚಿನವರಿಗೆ ಕನ್ನಡವನ್ನು ಯಾರೂ ವ್ಯಾಕರಣ ಹಿಡಿದು ಕಲಿಸಲಿಲ್ಲ. ಅಜ್ಜಿ 'ಬಾ' ಎಂದು ಕೈ ಚಾಚುತ್ತಿದ್ದರು. 'ಊಟ' ಎಂದಾಗ ತಟ್ಟೆ ಬರುತ್ತಿತ್ತು. ಮಾತನ್ನೂ ಅದರೊಡನೆ ನಡೆಯುವುದನ್ನೂ ಹೊಂದಿಸಿ ನೋಡಿ ನೀವು ಅರ್ಥ ಹಿಡಿದಿರಿ. ಕೈಪಿಡಿ ಕಳೆದುಹೋದ ಯಂತ್ರದ ಭಾಷೆ ಕಲಿಯುವ ದಾರಿಯೂ ಇದೇ.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ತೆಗೆದುಕೊಳ್ಳಿ. ಹಲವು ತಕ್ಕಡಿಗಳ ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ ಸೀರಿಯಲ್ ಪೋರ್ಟ್ ಇರುತ್ತದೆ. ತೂಕದ ಅಂಕಿ ಅಲ್ಲಿಂದ ನೇರವಾಗಿ ಕಂಪ್ಯೂಟರಿಗೆ ಹೋದರೆ ಬಿಲ್ ಬರೆಯುವಾಗ ತಪ್ಪಾಗುವುದಿಲ್ಲ. ಕೈಪಿಡಿ ಇಲ್ಲವೆಂದು ಒಳ್ಳೆಯ ತಕ್ಕಡಿಯನ್ನು ಗುಜರಿಗೆ ಹಾಕುವುದೂ ತಪ್ಪುತ್ತದೆ.

ಇಲ್ಲಿ ನಡೆಯುವುದು 1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆರ್‌ಎಸ್-232 ಎಂಬ ನಿಯಮ. ಬಿಟ್‌ಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಮೊದಲು ತಕ್ಕಡಿಯ 'ಬಾಯಿ' ಎಲ್ಲಿದೆ ಎಂದು ಹುಡುಕಿ. 5ನೇ ಪಿನ್ ಸಾಮಾನ್ಯವಾಗಿ ಗ್ರೌಂಡ್. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಅದಕ್ಕೂ ಕೆಂಪು ತಂತಿಯನ್ನು 2 ಮತ್ತು 3ನೇ ಪಿನ್ನುಗಳಿಗೂ ಹಿಡಿಯಿರಿ. ಸುಮ್ಮನಿರುವಾಗ ಮೈನಸ್ 3ರಿಂದ 15 ವೋಲ್ಟಿನೊಳಗೆ ತೋರಿಸುವ ಪಿನ್ನೇ ಬಾಯಿ. ಅದನ್ನು ಕಂಪ್ಯೂಟರಿನ 2ನೇ ಪಿನ್ನಿಗೂ, ಗ್ರೌಂಡನ್ನು ಗ್ರೌಂಡಿಗೂ ಸೇರಿಸಿ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಪೋರ್ಟ್ ಅಪರೂಪ. ಯುಎಸ್‌ಬಿ ಪರಿವರ್ತಕ ಬೇಕಾದೀತು.

ಮುಂದಿನದು ವೇಗ. ಸೆಕೆಂಡಿಗೆ 9600 ಬಿಟ್ ಎಂದರೆ ಒಂದೊಂದು ಬಿಟ್‌ಗೆ ಸುಮಾರು 104 ಮೈಕ್ರೊಸೆಕೆಂಡ್. ಅಕ್ಷರವೊಂದಕ್ಕೆ ಆರಂಭ, ಅಂತ್ಯ ಸೇರಿ ಹತ್ತು ಬಿಟ್ ಆದರೆ ಸೆಕೆಂಡಿಗೆ 960 ಅಕ್ಷರ. ವೇಗ ತಪ್ಪಿದರೆ ತೆರೆಯ ಮೇಲೆ ಬರೀ ಕಸ. 1200, 2400, 4800, 9600 ಹೀಗೆ ಒಂದೊಂದಾಗಿ ಪರೀಕ್ಷಿಸಿ. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಮಾತ್ರ ವಿಚಿತ್ರವಾಗಿ ಕಂಡರೆ ಎದೆಗುಂದಬೇಡಿ. ವೇಗ ಸರಿಯಿದೆ, ತಕ್ಕಡಿ ಏಳು ಬಿಟ್ ಮಾಹಿತಿಯ ಜೊತೆ ಸಮ ಪ್ಯಾರಿಟಿಯ ಒಂದು ಬಿಟ್ ಸೇರಿಸುತ್ತಿದೆ, ಅಷ್ಟೆ.

ಈಗ ಅರ್ಥ. ತಟ್ಟೆ ಖಾಲಿ ಇಟ್ಟು ಬಂದದ್ದನ್ನು ಬರೆದುಕೊಳ್ಳಿ. ಒಂದು ಕಿಲೋ ಇಡಿ, ಬರೆಯಿರಿ. ಎರಡು ಕಿಲೋ ಇಡಿ, ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತೂಕದೊಡನೆ ಬದಲಾಗುವುದು ಅಂಕಿ. ತಟ್ಟೆ ಅಲುಗುವಾಗಷ್ಟೇ ಬದಲಾಗುವ ಅಕ್ಷರ 'ಇನ್ನೂ ನಿಂತಿಲ್ಲ' ಎಂಬ ಸೂಚನೆ ಇದ್ದೀತು. ಸಾಲಿನ ಕೊನೆಗೆ ಸಾಮಾನ್ಯವಾಗಿ 13 ಮತ್ತು 10 ಎಂಬ ಸಂಕೇತಗಳಿರುತ್ತವೆ.

ಒಂದು ಎಚ್ಚರಿಕೆ: ಪೂರ್ತಿ ಕೇಳಿಸಿಕೊಳ್ಳುವ ಮುನ್ನ ಮಾತಾಡಲು ಹೋಗಬೇಡಿ. ಊಹಿಸಿ ಕಳಿಸಿದ ಆಜ್ಞೆಯೊಂದು ತೂಕದ ಹೊಂದಾಣಿಕೆಯನ್ನೇ ಕೆಡಿಸಬಹುದು. ಆಗ ನಷ್ಟ ಗಿರಾಕಿಗೆ. ಕಾನೂನು ಮಾಪನ ಇಲಾಖೆಯ ಮುದ್ರೆಯನ್ನಂತೂ ಮುಟ್ಟಲೇಬೇಡಿ.

ಕೊನೆಗೆ, ತಿಳಿದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಕ್ಕಡಿಯ ಜೊತೆಗಿಡಿ. ಕಳೆದ ಕೈಪಿಡಿಯ ಜಾಗ ತುಂಬುತ್ತದೆ; ಮುಂದೆ ಬರುವವರು ಮತ್ತೆ ಮೊದಲಿನಿಂದ ತಡಕಾಡಬೇಕಾಗುವುದಿಲ್ಲ.