ಮನಸ್ಸು ಹೇಳಿದರೂ ಕೈ ಯಾಕೆ ಕೇಳುವುದಿಲ್ಲ?



ನಮ್ಮ ದೊಡ್ಡಪ್ಪ ಮೂರು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದರು. ಕುತ್ತಿಗೆಗೆ ಪೆಟ್ಟಾಯಿತು. ಅಂದಿನಿಂದ ಕೈಕಾಲು ಆಡುವುದಿಲ್ಲ. ನೋಡಲು ಬಂದ ಕೆಲವರು "ಮನಸ್ಸು ಗಟ್ಟಿ ಮಾಡಿದ್ರೆ ಏಳ್ಬೋದು" ಅನ್ನುತ್ತಾರೆ. ದೊಡ್ಡಪ್ಪ ನನ್ನ ಹತ್ತಿರ, "ದಿನಾ ಹೇಳ್ತೀನಿ ಮಗಾ, ಕೈ ಕೇಳಲ್ಲ" ಅಂದರು. ಹೀಗೇಕೆ ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕೈ ಎತ್ತಬೇಕು ಅಂದುಕೊಂಡಾಗ ಮೆದುಳಿನಲ್ಲಿ ಬಹಳ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದು ಬೆನ್ನುಹುರಿಯಲ್ಲಿ ಇಳಿದು, ನರಗಳ ಮೂಲಕ ಸ್ನಾಯುವನ್ನು ಮುಟ್ಟುತ್ತದೆ. ಬೆನ್ನುಹುರಿಗೆ ಜೋರು ಪೆಟ್ಟಾದರೆ ಸಂಕೇತ ಅಲ್ಲೇ ನಿಂತುಬಿಡುತ್ತದೆ. ತೋಟದಲ್ಲಿ ಸ್ಟಾರ್ಟರ್ ಸರಿಯಿದೆ, ಮೋಟಾರೂ ಸರಿಯಿದೆ, ನಡುವಿನ ವೈರ್ ತುಂಡಾಗಿದೆ. ನೀರು ಬರುತ್ತದೆಯೇ?

ಹಾಗಾದರೆ ಬೇರೆ ವೈರ್ ಎಳೆಯಬಹುದಲ್ಲ! ವಿಜ್ಞಾನಿಗಳು ಅದನ್ನೇ ಮಾಡಿ ನೋಡಿದರು. ಅಮೆರಿಕದ ಇಯಾನ್ ಬರ್ಕ್‌ಹಾರ್ಟ್ ಎಂಬ ಯುವಕ 2010ರಲ್ಲಿ ಸಮುದ್ರದ ಅಲೆಗೆ ಧುಮುಕಿ ಕುತ್ತಿಗೆ ಮುರಿದುಕೊಂಡ. 2014ರಲ್ಲಿ ಓಹಾಯೋ ರಾಜ್ಯದ ವೈದ್ಯರು ಅವನ ಮೆದುಳಿನಲ್ಲಿ, ಕೈಯನ್ನು ಆಡಿಸುವ ಭಾಗದಲ್ಲಿ, ಬಟಾಣಿ ಕಾಳಿಗಿಂತ ಚಿಕ್ಕದಾದ ಒಂದು ಚಿಪ್ ಇಟ್ಟರು. ಸಂಕೇತ ಹಿಡಿಯಲು ಅದರಲ್ಲಿ 96 ಎಲೆಕ್ಟ್ರೋಡ್‌ಗಳಿದ್ದವು. ತಲೆಯಿಂದ ಕಂಪ್ಯೂಟರಿಗೆ ಒಂದು ಕೇಬಲ್. 'ಮುಷ್ಟಿ ಕಟ್ಟಬೇಕು' ಅಂದುಕೊಂಡಾಗ ಸಂಕೇತ ಹೇಗಿರುತ್ತದೆ, 'ಬೆರಳು ಬಿಡಿಸಬೇಕು' ಅಂದುಕೊಂಡಾಗ ಹೇಗಿರುತ್ತದೆ ಎಂದು ಕಂಪ್ಯೂಟರ್ ಗುರುತಿಸಲು ಕಲಿಯಿತು. ಅದರಂತೆ ಮುಂಗೈಗೆ ಸುತ್ತಿದ ಪಟ್ಟಿಯಿಂದ ಸಣ್ಣಗೆ ಕರೆಂಟ್ ಹರಿಸಿದಾಗ ಸ್ನಾಯು ಸೆಳೆಯಿತು. ಅವನ ಸ್ವಂತ ಕೈಯೇ ಆಡಿತು! ತುಂಬಾ ದಿನ ಅಭ್ಯಾಸ ಮಾಡಿ ಬಾಟಲಿ ಹಿಡಿದು ಬಗ್ಗಿಸುವುದನ್ನೂ ಕಲಿತ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆದರೆ ಇದು ನಡೆದದ್ದು ಪ್ರಯೋಗಾಲಯದಲ್ಲಿ ಮಾತ್ರ. ಮನೆಗೆ ಹೋದರೆ ಕೈ ಮತ್ತೆ ಸುಮ್ಮನೆ. 2021ರಲ್ಲಿ ಆ ಚಿಪ್ಪನ್ನು ತೆಗೆದರು. ನಮ್ಮೂರ ಕಡೆಯ ಆಸ್ಪತ್ರೆಗಳಿಗೆ ಈ ಚಿಕಿತ್ಸೆ ಇನ್ನೂ ಬಂದಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಸಿಗ್ದಿದ್ರೂ ಪರ್ವಾಗಿಲ್ಲ. ತಪ್ಪು ನನ್ನ ಮನಸ್ಸಿಂದಲ್ಲ ಅಂತ ಗೊತ್ತಾಯ್ತಲ್ಲ" ಅಂದರು. ದೊಡ್ಡಮ್ಮ ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ, ಇಲ್ಲದಿದ್ದರೆ ಮೈಗೆ ಹುಣ್ಣಾಗುತ್ತದೆ. ಸಂಜೆ ಕೈಕಾಲು ಮಡಚಿ ಬಿಡಿಸುವುದು ನನ್ನ ಕೆಲಸ.

ಸ್ನೇಹಿತರೇ, ಇಂಥವರನ್ನು ಕಂಡಾಗ "ಮನಸ್ಸು ಮಾಡಿ" ಅನ್ನಬೇಡಿ. ಅವರು ಮನಸ್ಸು ಮಾಡುತ್ತಲೇ ಇದ್ದಾರೆ.

– 9ನೇ ತರಗತಿ