ಕಾದು ಕುಳಿತವರನ್ನು ಕರೆದ ಗುರು

ಲಿಂಗರಾಜಪುರದ ನಮ್ಮ ಬೀದಿಯಲ್ಲಿ ಸಂಜೆಯಾಯಿತೆಂದರೆ ಹುಡುಗರ ಕ್ರಿಕೆಟ್ ಆರಂಭವಾಗುತ್ತದೆ. ಒಂದರ ಮೇಲೊಂದಿಟ್ಟ ಇಟ್ಟಿಗೆಗಳೇ ವಿಕೆಟ್ಟು. ಚೆಂಡು ನಮ್ಮ ಕಾಂಪೌಂಡಿನೊಳಗೆ ಬಿದ್ದರೆ ಎತ್ತಿಕೊಡುವ ಕೆಲಸ ನನ್ನದು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನೋದಿ ಬೆಳೆದ ನನಗೆ ಈ ಆಟದ ಹುಚ್ಚು ಹಿಡಿದುದು ತಡವಾಗಿ. ಹಿಡಿಸಿದವರು ಶ್ರೀ ರಾಹುಲ್ ದ್ರಾವಿಡರು. ಟೆಸ್ಟ್ ಪಂದ್ಯಗಳಲ್ಲಿ ಅವರು ಗಳಿಸಿದ 13,288 ರನ್ನುಗಳ ಕಥೆಯನ್ನು ವಾಚಕರು ಬಲ್ಲರು. ಬ್ಯಾಟನ್ನು ಕೆಳಗಿರಿಸಿದ ಮೇಲೆ ಅವರು ನಡೆಸಿದ ಗುರುಕಾರ್ಯವನ್ನು ಕುರಿತು ನಾಲ್ಕು ಮಾತು ಹೇಳುವುದಷ್ಟೇ ಇಲ್ಲಿ ನನ್ನ ಉದ್ದೇಶ.

2015ರಲ್ಲಿ ಅವರು ಭಾರತದ ಹತ್ತೊಂಬತ್ತು ವರ್ಷದೊಳಗಿನವರ ತಂಡಕ್ಕೂ 'ಎ' ತಂಡಕ್ಕೂ ತರಬೇತುದಾರರಾದರು. ತಮ್ಮೊಡನೆ 'ಎ' ತಂಡದ ಪ್ರವಾಸಕ್ಕೆ ಹೊರಟ ಯಾವ ಹುಡುಗನೂ ಒಂದು ಪಂದ್ಯವನ್ನಾದರೂ ಆಡದೆ ಮರಳಬಾರದೆಂಬುದು ಅವರು ಹಾಕಿಕೊಂಡ ನಿಯಮ. ವರ್ಷವಿಡೀ ಬೆವರು ಸುರಿಸಿ ನೂರಾರು ರನ್ನು ಗಳಿಸಿ ಆಯ್ಕೆಯಾದವನು ಬೆಂಚಿನ ಮೇಲೆ ಕುಳಿತೇ ಹಿಂತಿರುಗಿದರೆ, ಮರುವರ್ಷ ಆ ರನ್ನುಗಳನ್ನೆಲ್ಲ ಮತ್ತೆ ಮೊದಲಿನಿಂದ ಗಳಿಸಬೇಕು. ಎಳೆಯ ವಯಸ್ಸಿನಲ್ಲಿ ತಾವೂ ಆ ಸಂಕಟವನ್ನು ಉಂಡುದಾಗಿ ಅವರೇ ಹೇಳಿದ್ದಾರೆ. ಕಿರಿಯರ ವಿಶ್ವಕಪ್ಪಿನಲ್ಲಿ ಒಮ್ಮೆ ಆಡಿದವನು ಮತ್ತೊಮ್ಮೆ ಆಡಕೂಡದೆಂಬ ಕಟ್ಟಳೆ ಬಂದುದೂ ಅವರ ಕಾಲದಲ್ಲಿಯೇ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಹಲವು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಕಾವ್ಯವಾಚನದ ಸ್ಪರ್ಧೆಗೆ ಒಬ್ಬ ಹುಡುಗ ಮೂರು ವರ್ಷವೂ ಪದ್ಯಗಳನ್ನು ಕಂಠಪಾಠ ಮಾಡಿ ಬಂದ. ಬಹುಮಾನದ ಆಸೆಗೆ ನಾನು ಮೂರು ವರ್ಷವೂ ಇನ್ನೊಬ್ಬನನ್ನೇ ಕಳುಹಿಸಿದೆ. ಈಚೆಗೆ ಒಂದು ಮದುವೆಯಲ್ಲಿ ಸಿಕ್ಕ ಆತ ನನಗೆ ನಮಸ್ಕರಿಸಿ, ಅವೇ ಪದ್ಯಗಳನ್ನು ಒಂದಕ್ಷರ ತಪ್ಪದಂತೆ ಒಪ್ಪಿಸಿದ. ನಾನು ತಲೆ ತಗ್ಗಿಸಿ ಕೇಳಿದೆ.

2016ರಲ್ಲಿ ದ್ರಾವಿಡರ ಕಿರಿಯರ ತಂಡ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸಿಗೆ ಸೋತಿತು. 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ಕಪ್ಪು ಗೆದ್ದಿತು. ಕ್ರಿಕೆಟ್ ಮಂಡಲಿಯು ದ್ರಾವಿಡರಿಗೆ 50 ಲಕ್ಷ, ಅವರ ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ದುಡಿಮೆ ಎಲ್ಲರದಾಗಿರುವಾಗ ಈ ಭೇದವೇಕೆಂದು ಅವರು ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷವೆಂದಾಯಿತು. ತನ್ನ ಪಾಲು ಅರ್ಧವಾಗಲೆಂದು ಕೇಳಿಕೊಂಡವರನ್ನು ನೀವೆಷ್ಟು ಮಂದಿ ಕಂಡಿದ್ದೀರಿ?

2021ರ ನವೆಂಬರಿನಲ್ಲಿ ಹಿರಿಯರ ತಂಡದ ಹೊಣೆ ಬಂತು. ಅಲ್ಲಿ ಎಲ್ಲವೂ ಸುಗಮವಾಗಿರಲಿಲ್ಲ. 2023ರಲ್ಲಿ ಸತತವಾಗಿ ಹತ್ತು ಪಂದ್ಯ ಗೆದ್ದ ತಂಡ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಎಡವಿತು. ಪಿಚ್ಚಿನ ವಿಷಯದಲ್ಲಿ ಟೀಕೆಗಳು ಬಂದುವು. ಅವೆಲ್ಲ ನಿರಾಧಾರವೆಂದು ಅಭಿಮಾನಿಯಾದ ನಾನೂ ಹೇಳಲಾರೆ. ಅವರು ಅಲ್ಲಿಗೇ ಬಿಡಲಿದ್ದರು. ನಾಯಕ ರೋಹಿತ್ ಶರ್ಮ ಫೋನು ಮಾಡಿ ಉಳಿಸಿಕೊಂಡರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿ ಟ್ವೆಂಟಿ-20 ವಿಶ್ವಕಪ್ಪನ್ನು ಗೆದ್ದಿತು. 2007ರಲ್ಲಿ ಅದೇ ವೆಸ್ಟ್ ಇಂಡೀಸಿನಿಂದ, ಮೊದಲ ಸುತ್ತಿನಲ್ಲಿಯೇ ಸೋತ ತಂಡದ ನಾಯಕರಾಗಿ ಅವರು ಮರಳಿದ್ದರು. ವಿರಾಟ್ ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಆ ಮಿತಭಾಷಿ ಅದನ್ನು ಮೇಲೆತ್ತಿ ಹುಡುಗನಂತೆ ಕೂಗಿದರು. ಟಿ.ವಿ. ಮುಂದೆ ಕುಳಿತಿದ್ದ ನಾನೂ ಕೂಗಿದೆನೆಂದು ಮನೆಯವರು ಇಂದಿಗೂ ನಗುತ್ತಾರೆ. ಆಗಲೂ ತಮಗೆಂದು ನಿಗದಿಯಾದ 5 ಕೋಟಿಯಲ್ಲಿ, ಇತರ ತರಬೇತುದಾರರಿಗೆ ಸಂದಷ್ಟೇ, ಅಂದರೆ ಎರಡೂವರೆ ಕೋಟಿ ಸಾಕೆಂದರೆಂದು ಪತ್ರಿಕೆಗಳು ಬರೆದುವು.

ಮೊನ್ನೆ ಸಂಜೆ ಚೆಂಡು ಮತ್ತೆ ನಮ್ಮ ತುಳಸಿಗಿಡದ ಬುಡಕ್ಕೆ ಬಿತ್ತು. ಗೇಟಿನ ಬಳಿ ದಿನವೂ ಬರಿದೆ ಚೆಂಡು ಆಯುತ್ತ ನಿಲ್ಲುವ ಪುಟ್ಟವನೊಬ್ಬನಿದ್ದಾನೆ. "ಇವನಿಗೆ ಬ್ಯಾಟಿಂಗ್ ಯಾವಾಗಪ್ಪಾ?" ಎಂದು ದೊಡ್ಡ ಹುಡುಗರನ್ನು ಕೇಳಿದೆ. "ನಾಳೆ ಕೊಡ್ತೀವಿ, ತಾತಾ" ಎಂದರು. ಚೆಂಡನ್ನು ಕೈಯಲ್ಲೇ ಹಿಡಿದು ನಿಂತೆ.