ಗಿರಿಧಾಮಗಳ ವೀಕ್ಷಣಾ ನಕ್ಷೆ: ಮಾಥೇರಾನ್ ಒಂದು ನಿದರ್ಶನ

ನವಿ ಮುಂಬಯಿಯ ಸೀವುಡ್ಸ್‌ನಂತಹ ಬಡಾವಣೆಗಳ ನಿವಾಸಿಗಳು ರಜಾದಿನಗಳಲ್ಲಿ ಸಹ್ಯಾದ್ರಿಯ ಗಿರಿಧಾಮಗಳಿಗೆ ತೆರಳುವುದು ವಾಡಿಕೆ. ಅವುಗಳಲ್ಲಿ ರಾಯಗಡ ಜಿಲ್ಲೆಯ ಮಾಥೇರಾನ್ ಒಂದು. ಠಾಣೆಯಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಡೊಂಬಿವಲಿ, ಕಲ್ಯಾಣಗಳನ್ನು ದಾಟಿ ನೇರಳದಲ್ಲಿಳಿದರೆ ಬೆಟ್ಟದ ತಪ್ಪಲನ್ನು ತಲುಪಿದಂತೆ. ಠಾಣೆಯ ಅಂದಿನ ಕಲೆಕ್ಟರ್ ಹ್ಯೂ ಮ್ಯಾಲೆಟ್ 1850ರಲ್ಲಿ ಬೆಟ್ಟವನ್ನೇರಿದ ಬಳಿಕ ಇದು ಗಿರಿಧಾಮವಾಗಿ ಬೆಳೆಯಿತು. ತಪ್ಪಲಿನ ಆದಿವಾಸಿಗಳಿಗೆ ಇಲ್ಲಿನ ಕಾಲುದಾರಿಗಳು ಅದಕ್ಕೂ ಮೊದಲೇ ಪರಿಚಿತವಾಗಿದ್ದವು. 1907ರಲ್ಲಿ ಕಿರುರೈಲು ಆರಂಭವಾಯಿತು.

ಸುಮಾರು 800 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಅಂಚಿನುದ್ದಕ್ಕೂ ‘ಪಾಯಿಂಟ್’ ಎಂದು ಕರೆಯಲಾಗುವ ವೀಕ್ಷಣಾ ಸ್ಥಳಗಳಿವೆ. ಖಾಸಗಿ ಮೋಟಾರು ವಾಹನಗಳಿಗೆ ಊರೊಳಗೆ ಪ್ರವೇಶವಿಲ್ಲದ ಕಾರಣ ಸಂದರ್ಶಕರು ಬಹುಮಟ್ಟಿಗೆ ಕಾಲ್ನಡಿಗೆಯಲ್ಲೇ ಸಂಚರಿಸಬೇಕಾಗುತ್ತದೆ. ಆದುದರಿಂದ ಇಂತಹ ಸ್ಥಳದ ನಕ್ಷೆಯು ಕೇವಲ ಅಲಂಕಾರವಲ್ಲ. ಅದು ಪ್ರಾಣರಕ್ಷಣೆಗೆ ಸಂಬಂಧಿಸಿದ ವಿಷಯವಾಗಿದೆ.

ನಕ್ಷೆ ತಯಾರಿಕೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯನ್ನು ಆಧಾರವಾಗಿ ಬಳಸಬಹುದು. ಇದರಲ್ಲಿ 2 ಸೆಂಟಿಮೀಟರ್ ಅಂತರವು ನೆಲದ ಮೇಲಿನ 1 ಕಿಲೋಮೀಟರಿಗೆ ಸಮ. ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ರೇಖೆಗಳಿಗೆ ಸಮೋನ್ನತಿ ರೇಖೆಗಳೆಂದು ಹೆಸರು. ಇವು ದೂರ ದೂರವಿದ್ದರೆ ಇಳಿಜಾರು ಸೌಮ್ಯವೆಂದೂ, ಒತ್ತೊತ್ತಾಗಿದ್ದರೆ ಕಡಿದಾದ ಪ್ರಪಾತವೆಂದೂ ತಿಳಿಯಬೇಕು.

ಒಂದು ಸ್ಥಳದಿಂದ ದೂರದ ಶಿಖರವು ಕಾಣುವುದೋ ಇಲ್ಲವೋ ಎಂಬುದನ್ನೂ ಈ ರೇಖೆಗಳಿಂದಲೇ ಕಂಡುಕೊಳ್ಳಬಹುದು. ಎರಡೂ ಸ್ಥಳಗಳ ನಡುವಣ ಎತ್ತರಗಳನ್ನು ಕಾಗದದ ಮೇಲೆ ಗುರುತಿಸಿ, ತುದಿಯಿಂದ ತುದಿಗೆ ಸರಳರೇಖೆ ಎಳೆಯಬೇಕು. ನಡುವಿನ ಯಾವುದೇ ದಿಣ್ಣೆ ಆ ರೇಖೆಯನ್ನು ಮೀರಿದರೆ ಶಿಖರವು ಮರೆಯಾಗುತ್ತದೆ. ಮರಗಳ ಎತ್ತರವು ಈ ಲೆಕ್ಕದಲ್ಲಿ ಬರುವುದಿಲ್ಲವಾದ್ದರಿಂದ ಸ್ಥಳಪರೀಕ್ಷೆ ಅನಿವಾರ್ಯ.

ಪ್ರತಿಯೊಂದು ಸ್ಥಳಕ್ಕೂ ದಿಕ್ಕು ಹಾಗೂ ಸೂಕ್ತ ವೇಳೆಯನ್ನು ನಮೂದಿಸುವುದು ಉಪಯುಕ್ತ. ಪನೋರಮಾ ಪಾಯಿಂಟ್ ಸೂರ್ಯೋದಯಕ್ಕೂ, ಪಶ್ಚಿಮದ ಪಾರ್ಕ್ಯುಪೈನ್ ಪಾಯಿಂಟ್ ಸೂರ್ಯಾಸ್ತಕ್ಕೂ ಪ್ರಸಿದ್ಧವಾಗಿವೆ. ಸೂರ್ಯಾಸ್ತವನ್ನು ನೋಡಿದವರು ಕತ್ತಲೆಯಲ್ಲಿ ಹಿಂದಿರುಗಬೇಕಾದುದರಿಂದ ಮರಳುವ ದಾರಿಯನ್ನು ಸ್ಪಷ್ಟವಾಗಿ ತೋರಿಸಬೇಕು. ಮಳೆಗಾಲದಲ್ಲಿ ಮಂಜು ಕವಿದಾಗ ಪ್ರಪಾತದ ಅಂಚೇ ಕಾಣದಿರುವ ಸಂಭವವಿದೆ. ಅಪಾಯಕರ ಅಂಚುಗಳನ್ನು ಪ್ರತ್ಯೇಕ ಸಂಕೇತದಿಂದ ಗುರುತಿಸುವುದು ಅಗತ್ಯ.

ಮಾಥೇರಾನ್ ಪ್ರದೇಶವನ್ನು 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಆದಕಾರಣ ರೂಢಿಯಲ್ಲಿರುವ ದಾರಿಗಳನ್ನು ಮಾತ್ರ ನಕ್ಷೆಯಲ್ಲಿ ಸೇರಿಸಿ, ಕಾಡನ್ನು ಸೀಳುವ ಒಳದಾರಿಗಳನ್ನು ಕೈಬಿಡುವುದು ಲೇಸು. ಸಂದರ್ಶಕರನ್ನು ಸುರಕ್ಷಿತವಾಗಿ ಕರೆದೊಯ್ದು ಮರಳಿ ಕರೆತರುವ, ಬೆಟ್ಟವನ್ನು ಇದ್ದಂತೆಯೇ ಉಳಿಸುವ ನಕ್ಷೆಯೇ ಉತ್ತಮ ನಕ್ಷೆ.